ಚೌಕಾಸಿಯೆಲ್ಲ ದಡದಲ್ಲೇ ಮುಗಿಯಲಿ

ಬರುವ ಬೇಸಿಗೆಗೆ ಟರ್ಕಿಯ ಕರಾವಳಿಯಲ್ಲಿ ಗುಲೆಟ್ ಹಿಡಿಯಲು ಹೊರಟಿರುವ ನಮ್ಮ ಕನ್ನಡ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ,

ನೀವು ಕಳಿಸಿದ ಪಟ್ಟಿ ತಲುಪಿತು. ಹದಿನಾಲ್ಕು ಜನ, ಏಳು ಕೋಣೆ, ಏಳು ರಾತ್ರಿ, ಇಪ್ಪತ್ತೊಂದು ಜಾಗ. ಬೋದ್ರುಮ್‌ನಿಂದ ಹೊರಟು, ಗೋಕೋವಾ ಕೊಲ್ಲಿ ಸುತ್ತಿ, ಕ್ನಿದೋಸ್ ನೋಡಿ, ಮಾರ್ಮಾರಿಸ್‌ನಲ್ಲಿ ಶಾಪಿಂಗ್ ಮುಗಿಸಿ, ಫೆತಿಯೆ ದಾಟಿ, ಕೆಕೋವಾದ ಮುಳುಗಿದ ಊರಿನ ಮೇಲೆ ಫೋಟೋ ತೆಗೆಸಿಕೊಂಡು, ಶನಿವಾರ ಬೆಳಗ್ಗೆ ಮತ್ತೆ ಬೋದ್ರುಮ್‌ನಲ್ಲಿ ಇಳಿಯುವುದು. "ಇದನ್ನೊಮ್ಮೆ ನೋಡಿ, ಏನಾದರೂ ಬಿಟ್ಟುಹೋಗಿದ್ದರೆ ಸೇರಿಸಿ" ಅಂತ ಕೇಳಿದ್ದೀರಿ.

ಸೇರಿಸುವುದಕ್ಕೆ ಏನೂ ಇಲ್ಲ. ಉತ್ತರವನ್ನು ನಿಮಗೆ ಮಾತ್ರ ಬರೆದು ಕಳಿಸಬಹುದಿತ್ತು. ಆದರೆ ಕಳೆದ ಎರಡು ಬೇಸಿಗೆಗಳಲ್ಲಿ ಇಂಥದೇ ಪಟ್ಟಿ ಹಿಡಿದುಕೊಂಡು ಸ್ಟುಟ್‌ಗಾರ್ಟ್‌ನಿಂದ, ಲಂಡನ್ನಿನಿಂದ, ಬೆಂಗಳೂರಿನಿಂದ ಮೂರು ತಂಡದವರು ನನ್ನನ್ನು ಕೇಳಿದ್ದಾರೆ. ಅದಕ್ಕಿಂತ ಮೊದಲು ಇಂಥ ಪಟ್ಟಿಯೊಂದನ್ನು ನಾನೇ ನನ್ನ ಕೈಯಾರೆ ಬರೆದಿದ್ದೆ. ಹಾಗಾಗಿ ಈ ಕಾಗದದಲ್ಲಿ ನಿಮ್ಮ ಹೆಸರಿಲ್ಲ, ಬೈಗುಳ ಬಂದಲ್ಲಿ ಅದರ ಅರ್ಧ ಪಾಲು ನನಗೇ ಸೇರತಕ್ಕದ್ದು.

ಮೊದಲು ಲೆಕ್ಕ ನೋಡೋಣ. ಗುಲೆಟ್ ಅಂದರೆ ಮರದ ದೊಡ್ಡ ಹಡಗು. ಎರಡು ಹಾಯಿಕಂಬ, ಅಗಲವಾದ ಹಿಂಬದಿ, ಅಲ್ಲೊಂದು ಉದ್ದದ ಊಟದ ಮೇಜು, ಮುಂಭಾಗದಲ್ಲಿ ಮಲಗಲು ಹಾಸಿಗೆಗಳು. ಅದರ ಓಟ ಗಂಟೆಗೆ ಎಂಟೊಂಬತ್ತು ನಾಟಿಕಲ್ ಮೈಲಿ. ಸಾಮಾನ್ಯವಾಗಿ ಕರಾರಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಎಂಜಿನ್ ಓಡಿಸುವ ಡೀಸೆಲ್ ಮಾತ್ರ ಬಾಡಿಗೆಯೊಳಗೆ ಸೇರಿರುತ್ತದೆ. ಅಂದರೆ ದಿನಕ್ಕೆ ಹೆಚ್ಚೆಂದರೆ 35 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್, ಹಾಗಾಗಿ ಸುಮಾರು 65 ಕಿಲೋಮೀಟರ್. ಉಡುಪಿಯಿಂದ ಹೊರಟು ಮಂಗಳೂರು ಮುಟ್ಟಿ, ಇನ್ನು ಸ್ವಲ್ಪ ಮುಂದೆ ಹೋದಂತೆ. ಬೋದ್ರುಮ್‌ನಿಂದ ಕೆಕೋವಾಕ್ಕೆ ನೇರ ಗೆರೆ ಎಳೆದರೇ ನೂರಿಪ್ಪತ್ತು ನಾಟಿಕಲ್ ಮೈಲಿ ದಾಟುತ್ತದೆ, ನಡುವೆ ಅಡ್ಡ ಬರುವ ಭೂಶಿರಗಳನ್ನು ಬಳಸಿ ಹೋಗುವ ದೂರ ಬೇರೆ. ಹೋಗುವುದಕ್ಕೇ ನಾಲ್ಕೈದು ದಿನ, ಬರುವುದಕ್ಕೆ ಇನ್ನು ನಾಲ್ಕೈದು. ನಿಮ್ಮ ಏಳು ದಿನದಲ್ಲಿ ನೀರಿಗಿಳಿಯುವ ಹೊತ್ತೇ ಉಳಿಯುವುದಿಲ್ಲ.

ಈ ಪಟ್ಟಿ ಎಲ್ಲಿಂದ ಹುಟ್ಟಿತೆಂದು ನನಗೆ ಗೊತ್ತು. ನಾವು ಗುಲೆಟ್ಟನ್ನು ಟಿ.ಟಿ. ಅಂದುಕೊಂಡಿದ್ದೇವೆ. ಚಿಕ್ಕಂದಿನಿಂದ ನಮಗೆ ಗೊತ್ತಿರುವ ಪ್ರವಾಸವೆಂದರೆ ಡ್ರೈವರ್ ಸಮೇತ ಬಾಡಿಗೆಗೆ ಬರುವ ಟೆಂಪೋ ಟ್ರಾವೆಲರ್. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ, ಕೊಲ್ಲೂರು, ಮುರ್ಡೇಶ್ವರ. "ಇಷ್ಟು ದೂರ ಬಂದಿದ್ದೇವೆ, ಇಲ್ಲೇ ಹತ್ತಿರ ಇನ್ನೊಂದಿದೆಯಂತೆ" ಅನ್ನುವ ಒಂದು ಮಾತಿಗೆ ಡ್ರೈವರ್ ಸ್ಟಿಯರಿಂಗ್ ತಿರುಗಿಸುತ್ತಾನೆ. ರಾತ್ರಿ ನಾವು ಲಾಡ್ಜಿನಲ್ಲಿ, ಅವನು ಗಾಡಿಯ ಸೀಟಿನಲ್ಲಿ. ಬೆಳಗ್ಗೆ ಐದಕ್ಕೆ ಕಿಟಕಿ ತಟ್ಟಿ ಎಬ್ಬಿಸುತ್ತೇವೆ. ಮಕ್ಕಳು ತೊಡೆಯ ಮೇಲೆ ಕೂರುವುದರಿಂದ ಸೀಟಿನ ಲೆಕ್ಕಕ್ಕಿಲ್ಲ. ಈ ರೂಢಿಯನ್ನೇ ನಾವು ವಿಮಾನ ಹತ್ತಿಸಿ ಏಜಿಯನ್ ಕಡಲಿನ ತನಕ ಒಯ್ದಿದ್ದೇವೆ.

ನಾನು ಹಾಗೆ ಒಯ್ದ ಕಥೆ ಕೇಳಿ.

ಅದು ಜುಲೈ ತಿಂಗಳು. ಗೋಕೋವಾ ಕೊಲ್ಲಿಯ ದಕ್ಷಿಣ ದಂಡೆಯ ಒಂದು ಮರೆಯಲ್ಲಿ ಲಂಗರು ಹಾಕಿದ್ದೆವು. ಮೂರನೆಯ ದಿನ. ಪಟ್ಟಿಯ ಪ್ರಕಾರ ಅಂದು ಸಂಜೆ ಕ್ನಿದೋಸ್. ದಾಟ್ಚಾ ಪರ್ಯಾಯ ದ್ವೀಪದ ತುತ್ತತುದಿಯಲ್ಲಿರುವ ಪುರಾತನ ಗ್ರೀಕ್ ಪಟ್ಟಣ ಅದು. ಪ್ರಾಕ್ಸಿಟಿಲೀಸ್ ಕಡೆದ ಅಫ್ರೋಡೈಟಿಯ ವಿಗ್ರಹವಿದ್ದ ಊರು. ಮೂಲ ವಿಗ್ರಹ ಕಳೆದುಹೋಗಿದೆ, ಅಲ್ಲಿನ ಅಮೃತಶಿಲೆಯ ಸಿಂಹ 1858ರಲ್ಲಿ ಹಡಗು ಹತ್ತಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದೆ. ಆದರೂ ಭೂಶಿರದ ಎರಡು ಬದಿಗೆ ಎರಡು ಬಂದರಿರುವ ಆ ಜಾಗದಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕೆಂದು ತಿಂಗಳುಗಟ್ಟಲೆ ಕನಸು ಕಂಡಿದ್ದೆವು. ಮಧ್ಯಾಹ್ನ ಊಟವಾದ ಮೇಲೆ ಕ್ಯಾಪ್ಟನ್ ಬಂದು, ತನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ, "ಇವತ್ತು ಬೇಡ, ನಾಳೆ ಬೆಳಗ್ಗೆ, ಬೇಗ" ಅಂದರು. ಕೈಯನ್ನು ಪಶ್ಚಿಮದ ಕಡೆ ತೋರಿಸಿದರು. ನಾವು ಲಂಗರು ಹಾಕಿದ್ದ ಮರೆಯಲ್ಲಿ ನೀರು ಕನ್ನಡಿಯಂತಿತ್ತು. ನಮಗೆ ಏನೂ ಕಾಣಲಿಲ್ಲ.

ನಾನು ಒಪ್ಪಲಿಲ್ಲ. ಫೋನು ಮಾಡಿದೆ, ಹಡಗು ಗೊತ್ತು ಮಾಡಿಕೊಟ್ಟ ಮಧ್ಯವರ್ತಿಗೆ. ದುಡ್ಡು ಕೊಟ್ಟಿದ್ದೇವೆ, ಕಾಗದದಲ್ಲಿ ಬರೆದಿದೆ, ನಾಳೆಯ ಕಾರ್ಯಕ್ರಮ ಹಾಳಾಗುತ್ತದೆ ಅಂತೆಲ್ಲ ಹೇಳಿದೆ. ಮಧ್ಯವರ್ತಿ ಕ್ಯಾಪ್ಟನ್ನಿಗೆ ಫೋನು ಮಾಡಿದ. ಕ್ಯಾಪ್ಟನ್ ಎರಡು ನಿಮಿಷ ಕೇಳಿಸಿಕೊಂಡು, ಫೋನು ಜೇಬಿಗೆ ಹಾಕಿ, ಲಂಗರು ಎತ್ತಲು ಹುಡುಗರಿಗೆ ಹೇಳಿದರು. ನನ್ನ ಮುಖ ಸಹ ನೋಡಲಿಲ್ಲ.

ಮರೆಯಿಂದ ಹೊರಗೆ ಬಂದು ಅರ್ಧ ಗಂಟೆಯೊಳಗೆ ಎದುರುಗಾಳಿ ಸಿಕ್ಕಿತು. ಅಲೆಗಳು ಎತ್ತರಕ್ಕಿಂತ ಹೆಚ್ಚಾಗಿ ಗಿಡ್ಡ, ಕಡಿದು, ಒಂದರ ಬೆನ್ನಿಗೆ ಇನ್ನೊಂದು. ಹಡಗಿನ ಮೂತಿ ಎದ್ದು ಬೀಳುವಾಗಲೆಲ್ಲ ಮರದ ಮೈ ಪೂರ್ತಿ ನರಳುತ್ತಿತ್ತು. ಮೇಜಿನ ಮೇಲಿದ್ದ ಗಾಜೆಲ್ಲ ನೆಲಕ್ಕೆ. ಮೂರು ವರ್ಷದ ಮಗುವೊಂದು ವಾಂತಿ ಮಾಡಿ ಮಾಡಿ ಸುಸ್ತಾಗಿ ಮಲಗಿತು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಏಣಿಯ ಬಳಿ ಜಾರಿ ಮಂಡಿ ಊದಿಸಿಕೊಂಡರು. ಕೊನೆಗೆ "ವಾಪಸ್ ಹೋಗೋಣ" ಅಂದವಳೂ ನಾನೇ. ಕ್ಯಾಪ್ಟನ್ ಆಗಲೂ ಮಾತಾಡಲಿಲ್ಲ, ಚುಕ್ಕಾಣಿ ತಿರುಗಿಸಿದರು. ಹೊರಟ ಜಾಗಕ್ಕೇ ಬಂದು ನಿಂತೆವು. ಅಡುಗೆಯವರು ಎಲ್ಲರಿಗೂ ನಿಂಬೆಹಣ್ಣು ಹಿಂಡಿದ ಚಹಾ ತಂದುಕೊಟ್ಟರು.

ಮಾರನೆಯ ಬೆಳಗ್ಗೆ ಐದು ಗಂಟೆಗೆ ಎಂಜಿನ್ನಿನ ಸದ್ದಿಗೆ ಎಚ್ಚರವಾಯಿತು. ಕಡಲು ಹಾಲಿನಂತಿತ್ತು. ನಾವು ಹಲ್ಲುಜ್ಜುವಷ್ಟರಲ್ಲಿ ಕ್ನಿದೋಸ್ ಕಾಣುತ್ತಿತ್ತು.

ನಾಚಿಕೆಯಾದದ್ದು ಯಾಕೆ ಗೊತ್ತೇ? ನಾನು ಹುಟ್ಟಿ ಬೆಳೆದದ್ದು ಮಲ್ಪೆಯ ಬಂದರಿನ ಹತ್ತಿರ. ಪಕ್ಕದ ಮನೆಯವರು ಮೀನಿನ ಬೋಟು ನಡೆಸುವ ತಾಂಡೇಲರು. ಅವರು ಹೊರಗೆ ಬಂದು ಆಕಾಶ ನೋಡಿ "ಇವತ್ತು ಬೇಡ" ಅಂದರೆ ಲಕ್ಷಗಟ್ಟಲೆ ಬಂಡವಾಳ ಹಾಕಿದ ಬೋಟಿನ ಮಾಲೀಕರೂ ಎದುರಾಡುತ್ತಿರಲಿಲ್ಲ. ಈಗಲೂ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಮೀನು ಮೊಟ್ಟೆಯಿಡುವ ಕಾಲ ಅನ್ನುವುದು ಒಂದು ಕಾರಣವಾದರೆ, ಮುಂಗಾರಿನ ತೂಫಾನಿನ ಜೊತೆ ವಾದ ಮಾಡಬಾರದು ಅನ್ನುವುದು ಅದಕ್ಕಿಂತ ಹಳೆಯ ಕಾರಣ. ಇಷ್ಟೆಲ್ಲ ನೋಡಿ ಬೆಳೆದವಳು, ಬೇರೆ ಕಡಲಿನ ತಾಂಡೇಲರಿಗೆ ಫೋನಿನಲ್ಲಿ ಅಪ್ಪಣೆ ಕೊಡಿಸಿದ್ದೆ.

ಅಂದು ನಮ್ಮನ್ನು ಹಿಂದಕ್ಕೆ ತಳ್ಳಿದ ಗಾಳಿಗೆ ಟರ್ಕಿಯವರು ಮೆಲ್ತೆಮ್ ಅನ್ನುತ್ತಾರೆ. ಗ್ರೀಕರು ಹಿಂದೆ ಇದನ್ನು ಎಟೀಸಿಯನ್ ಅಂದರು, ವರ್ಷ ಎಂಬ ಅರ್ಥದ ಪದದಿಂದ ಬಂದ ಹೆಸರು, ವರ್ಷವರ್ಷವೂ ತಪ್ಪದೆ ಬರುವ ಗಾಳಿ. ನಡು ಬೇಸಿಗೆಯಲ್ಲಿ, ಜುಲೈ ಆಗಸ್ಟ್ ತಿಂಗಳಲ್ಲಿ ಇದರ ಜೋರು ಹೆಚ್ಚು. ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ. ಬೆಳಗ್ಗೆ ಸದ್ದಿಲ್ಲ, ಮಧ್ಯಾಹ್ನಕ್ಕೆ ಏಳುತ್ತದೆ, ಸಂಜೆ ಕುಗ್ಗುತ್ತದೆ. ಕೆಲವೊಮ್ಮೆ ಹಗಲೂ ರಾತ್ರಿ ಬಿಡದೆ ಮೂರು ನಾಲ್ಕು ದಿನ ಬೀಸುತ್ತದೆ. ಕ್ನಿದೋಸ್‌ನ ಮೂಲೆಯಲ್ಲಿ ಗಾಳಿಗೆ ಸಿಕ್ಕಿದವರಲ್ಲಿ ನಾವು ಮೊದಲಿಗರೇನಲ್ಲ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ, ಸಂತ ಪೌಲನನ್ನು ರೋಮಿಗೆ ಒಯ್ಯುತ್ತಿದ್ದ ಹಡಗು ಇದೇ ಕ್ನಿದೋಸ್‌ನ ಹತ್ತಿರ ಬರುವಷ್ಟರಲ್ಲಿ ಸಾಕುಸಾಕಾಗಿ, ಗಾಳಿ ಮುಂದಕ್ಕೆ ಬಿಡದೆ, ಕ್ರೀಟ್ ದ್ವೀಪದ ಮರೆಗೆ ದಾರಿ ಬದಲಿಸಿದ ಸಂಗತಿ ಬರುತ್ತದೆ.

ಈ ಗಾಳಿಗೂ ನಮಗೂ ಒಂದು ನಂಟಿದೆ, ಅದನ್ನು ತಿಳಿದ ಮೇಲೆ ನನಗೆ ಮೆಲ್ತೆಮ್ ಮೇಲಿನ ಸಿಟ್ಟು ಇಳಿಯಿತು. ಬೇಸಿಗೆಯಲ್ಲಿ ವಾಯುವ್ಯ ಭಾರತ, ಪಾಕಿಸ್ತಾನದ ನೆಲ ಕಾದು ಅಲ್ಲಿ ವಾಯುಭಾರ ಕುಸಿಯುತ್ತದೆ. ನಮ್ಮ ಮುಂಗಾರನ್ನು ಎಳೆದು ತರುವುದು ಅದೇ ಕುಸಿತ. ಅದರ ಒಂದು ಬಾಲ ಇರಾನ್, ಇರಾಕ್ ದಾಟಿ ಪಶ್ಚಿಮಕ್ಕೆ ಅನತೋಲಿಯಾದ ತನಕ ಚಾಚಿಕೊಂಡಿರುತ್ತದೆ. ಆ ಹೊತ್ತಿಗೆ ಬಾಲ್ಕನ್ ಪ್ರದೇಶದ ಮೇಲೆ ವಾಯುಭಾರ ಹೆಚ್ಚು. ಹೆಚ್ಚಿನ ಕಡೆಯಿಂದ ಕಡಿಮೆಯ ಕಡೆಗೆ ಹರಿಯುವ ಗಾಳಿ ಏಜಿಯನ್ ಕಡಲಿನ ಮೇಲೆ ಉತ್ತರದಿಂದ ನುಗ್ಗುತ್ತದೆ. ಆಗುಂಬೆಯಲ್ಲಿ ಮಳೆ ಸುರಿಸುವ ಯಂತ್ರದ್ದೇ ಒಂದು ಹಲ್ಲು ಬೋದ್ರುಮ್‌ನಲ್ಲಿ ಹಾಯಿಯನ್ನು ಬಡಿಯುತ್ತದೆ ಅಂದುಕೊಳ್ಳಿ. ಊರಿನಲ್ಲಿ ಮುಂಗಾರಿಗೆ ದಾರಿ ಬಿಡುವ ನಾವು ಇಲ್ಲಿ ಮಾತ್ರ ಅದರ ದಾಯಾದಿಯೊಡನೆ ಜಗಳಕ್ಕೆ ನಿಲ್ಲುವುದು ಯಾಕೆ? ಗಾಳಿಯ ಗೊಡವೆ ಬೇಡವೆಂದಿದ್ದರೆ ಜೂನ್ ಆರಂಭಕ್ಕೋ ಸೆಪ್ಟೆಂಬರಿಗೋ ಹೋಗಿ. ಬಾಡಿಗೆಯೂ ಕಡಿಮೆ, ಮರೆಗಳಲ್ಲಿ ಗದ್ದಲವೂ ಕಡಿಮೆ. ಶಾಲೆಯ ರಜೆಯ ಕಾರಣಕ್ಕೆ ಜುಲೈ ಆಗಸ್ಟೇ ಆಗಬೇಕೆಂದಿದ್ದರೆ ಓಡಾಟವೆಲ್ಲ ಬೆಳಗಿನ ಹೊತ್ತಿಗೆ, ಮಧ್ಯಾಹ್ನದ ಮೇಲೆ ಈಜು, ನಿದ್ದೆ, ಹರಟೆ ಅಂತ ಮನಸ್ಸು ಸಿದ್ಧ ಮಾಡಿಕೊಳ್ಳಿ.

ಹಾಗಾದರೆ ಬಾಡಿಗೆ ಕೊಡುವವರಿಗೆ ಕೇಳುವ ಹಕ್ಕೇ ಇಲ್ಲವೇ ಅಂದರೆ, ಇದೆ, ಬೇಕಾದಷ್ಟಿದೆ. ಆದರೆ ಅದನ್ನು ಚಲಾಯಿಸಬೇಕಾದ್ದು ಆರು ತಿಂಗಳ ಮೊದಲು, ಕರಾರಿನ ಕಾಗದದ ಮೇಲೆ. ನಾವು ಮಾಡುವುದು ಅದರ ತಿರುಗುಮುರುಗು. ದಡದಲ್ಲಿರುವಾಗ ಚಿತ್ರ ನೋಡಿ ಮರುಳಾಗಿ ಮುಂಗಡ ಕಟ್ಟುತ್ತೇವೆ, ನೀರಿಗಿಳಿದ ಮೇಲೆ ಚೌಕಾಸಿಗೆ ಕೂರುತ್ತೇವೆ. ಕರಾರಿಗೆ ಸಹಿ ಹಾಕುವ ಮುನ್ನ ಇಷ್ಟನ್ನು ಪಟ್ಟು ಹಿಡಿದು ಕೇಳಿ.

ಹಾಯಿಯ ವಿಷಯ ಮೊದಲು. "ಹಾಯಿಹಡಗು" ಅನ್ನುವ ಹೆಸರಿಗೆ ಮೋಸಹೋಗಬೇಡಿ. ಗುಲೆಟ್ಟಿನ ಹೊಟ್ಟೆ ಅಗಲ, ಎದುರುಗಾಳಿಗೆ ಅದು ಹಾಯಿ ಬಿಚ್ಚಿ ಓಡುವುದು ಕಷ್ಟ. ಹೆಚ್ಚಿನವು ವಾರವಿಡೀ ಡೀಸೆಲ್ಲಿನಲ್ಲೇ ಓಡುತ್ತವೆ. ನಮ್ಮ ಮೊದಲ ಪ್ರವಾಸದಲ್ಲಿ ಹಾಯಿ ಬಿಚ್ಚಿದ್ದು ಒಂದೇ ಒಂದು ಸಲ, ನಲವತ್ತು ನಿಮಿಷ, ಅದೂ ಫೋಟೋಕ್ಕಾಗಿ. ಎಂಜಿನ್ ಆರಿಸಿ, ಬಟ್ಟೆಯಲ್ಲಿ ಗಾಳಿ ತುಂಬಿ, ಹಡಗು ಒಂದು ಬದಿಗೆ ವಾಲಿ ಸದ್ದಿಲ್ಲದೆ ಹೋಗುವ ಸುಖ ಬೇಕೆಂದಿದ್ದರೆ ಮೊದಲೇ ಹೇಳಿ, ನಿಜವಾಗಿ ಹಾಯಿ ಬಳಸುವ ಹಡಗನ್ನೇ ಹುಡುಕಿ. ಅಂಥವೂ ಇವೆ. 1989ರಿಂದ ಬೋದ್ರುಮ್‌ನಲ್ಲಿ ಇಂಥ ಮರದ ಹಡಗುಗಳದೇ ಹಾಯಿ ಪಂದ್ಯ ನಡೆಯುತ್ತ ಬಂದಿದೆ, ಬೋದ್ರುಮ್ ಕಪ್ ಅಂತ. ಅದರಲ್ಲಿ ಭಾಗವಹಿಸುವ ಹಡಗೇ ಎಂದು ಕೇಳಿದರೆ ಅರ್ಧ ಉತ್ತರ ಸಿಕ್ಕಿದಂತೆ.

ಎರಡನೆಯದು ದುಡ್ಡು. ಟರ್ಕಿಯಲ್ಲಿ ಬಾಡಿಗೆ ಯೂರೋದಲ್ಲಿ, ವಾರದ ಲೆಕ್ಕದಲ್ಲಿ, ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಅದರೊಳಗೆ ಏನೇನಿದೆ ಅನ್ನುವುದು ಹಡಗಿನಿಂದ ಹಡಗಿಗೆ ಬೇರೆ. ಸಿಬ್ಬಂದಿಯ ಸಂಬಳ, ನಾಲ್ಕು ಗಂಟೆಯ ಡೀಸೆಲ್, ಬಂದರು ಶುಲ್ಕ ಸೇರಿರುವುದು ರೂಢಿ. ಊಟ ಬೇರೆ, ಪಾನೀಯ ಬೇರೆ, ತೆರಿಗೆ ಕೆಲವರಲ್ಲಿ ಒಳಗೆ, ಕೆಲವರಲ್ಲಿ ಹೊರಗೆ. ಒಂದು ಊರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದರೆ ಹಡಗನ್ನು ವಾಪಸ್ ಒಯ್ಯುವ ಖರ್ಚೂ ನಿಮ್ಮದೇ ಆಗಬಹುದು. ಗ್ರೀಸ್, ಕ್ರೊಯೇಷಿಯಾ ಕಡೆ ದೊಡ್ಡ ಹಡಗುಗಳಿಗೆ ಬೇರೆ ಪದ್ಧತಿ. ಬಾಡಿಗೆಯ ಕಾಲು ಭಾಗಕ್ಕೂ ಹೆಚ್ಚು ಹಣವನ್ನು ಖರ್ಚಿಗೆಂದು ಮುಂಗಡವಾಗಿ ಕ್ಯಾಪ್ಟನ್ನಿನ ಕೈಗೆ ಕೊಡುವುದು, ಅವರು ಅದರಲ್ಲಿ ಡೀಸೆಲ್, ದಿನಸಿ, ಬಂದರು ಶುಲ್ಕ ಎಲ್ಲ ನಿಭಾಯಿಸಿ ಕೊನೆಗೆ ರಸೀದಿ ಸಮೇತ ಲೆಕ್ಕ ಒಪ್ಪಿಸಿ ಉಳಿದದ್ದನ್ನು ಮರಳಿಸುವುದು. ಹಾಗಾಗಿ ಎರಡು ದೇಶದ ದರಗಳನ್ನು ಪಕ್ಕಪಕ್ಕ ಇಟ್ಟು "ಇದು ಅಗ್ಗ" ಅನ್ನಬೇಡಿ.

ಮೂರನೆಯದು, ಹಡಗಿನ ಹೆಸರು ಕರಾರಿನಲ್ಲಿ ಇರಲೇಬೇಕು. "ಇಂಥದೇ ಇನ್ನೊಂದು ಹಡಗು" ಎಂಬ ಸಾಲು ಕಂಡರೆ ಅದನ್ನು ಹೊಡೆದುಹಾಕಿಸಿ. ಏಸಿ ದಿನಕ್ಕೆ ಎಷ್ಟು ಗಂಟೆ? ಅದು ಜನರೇಟರ್ ಓಡುವಾಗ ಮಾತ್ರ ನಡೆಯುತ್ತದೆ, ಹೆಚ್ಚಿನ ಹಡಗುಗಳಲ್ಲಿ ರಾತ್ರಿಯಿಡೀ ಓಡಿಸುವುದಿಲ್ಲ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಎಷ್ಟಿವೆ? ನಮ್ಮಲ್ಲಿ ಈಜು ಬಾರದ ದೊಡ್ಡವರೇ ಹೆಚ್ಚು, ಅದನ್ನು ಮುಚ್ಚಿಡದೆ ಹೇಳಿ. ರದ್ದಾದರೆ ಎಷ್ಟು ಹಣ ಮರಳಿ ಬರುತ್ತದೆ? ಹಡಗಿಗೆ ವಿಮೆ ಇದೆಯೇ? ಇದೆಲ್ಲ ಕೇಳುವುದು ಅಧಿಕಪ್ರಸಂಗವಲ್ಲ. ಒಳ್ಳೆಯ ಮಾಲೀಕರು ಬೇಸರವಿಲ್ಲದೆ ಉತ್ತರ ಕೊಡುತ್ತಾರೆ, ಕೊಡದವರಿಗೆ ಮುಂಗಡ ಕಟ್ಟಬೇಡಿ.

ನಾಲ್ಕನೆಯದು ತಲೆ ಎಣಿಕೆ. ಹತ್ತುವವರೆಲ್ಲರ ಹೆಸರು, ಪಾಸ್‌ಪೋರ್ಟ್ ವಿವರ ಬಂದರಿನ ಕಾಗದದಲ್ಲಿ ದಾಖಲಾಗುತ್ತದೆ. ಹದಿನಾಲ್ಕು ಅಂದರೆ ಹದಿನಾಲ್ಕೇ, ತೊಡೆಯ ಮೇಲಿನ ಕೂಸೂ ಸೇರಿ. ಕೊನೆಯ ಗಳಿಗೆಯಲ್ಲಿ "ನಮ್ಮ ಭಾವಮೈದುನನೂ ಬರುತ್ತಾನಂತೆ" ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಬೆಂಗಳೂರಿನಿಂದ ಬರುವ ಅಪ್ಪ ಅಮ್ಮಂದಿರ ವೀಸಾ ಮೊದಲೇ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಟರ್ಕಿಯ ಇ-ವೀಸಾ ಸಿಗುವುದು ಷೆಂಗೆನ್, ಬ್ರಿಟನ್, ಅಮೆರಿಕ, ಐರ್ಲೆಂಡ್ ಇವುಗಳಲ್ಲೊಂದರ ಚಾಲ್ತಿ ವೀಸಾ ಅಥವಾ ವಾಸದ ಪರವಾನಗಿ ಇದ್ದರೆ ಮಾತ್ರ. ಇನ್ನು, ಬೋದ್ರುಮ್‌ನ ಎದುರಿಗೇ ಗ್ರೀಸಿನ ಕೋಸ್ ದ್ವೀಪ ಕಾಣುತ್ತದೆ. ಕಂಡಿತೆಂದು ಪಟ್ಟಿಗೆ ಸೇರಿಸಬೇಡಿ, ಅದು ಬೇರೆ ದೇಶ, ಬೇರೆ ವೀಸಾ, ಬೇರೆ ಕಾಗದಪತ್ರ.

ಇಷ್ಟು ಚೌಕಾಸಿ ಮುಗಿಸಿ ಸಹಿ ಹಾಕಿದ ಮೇಲೆ, ಹಲಗೆಯ ಮೇಲೆ ಕಾಲಿಟ್ಟ ಗಳಿಗೆಯಿಂದ ಬಾಯಿ ಮುಚ್ಚಿ ಕಿವಿ ತೆರೆಯಿರಿ. ಎಲ್ಲಿ ರಾತ್ರಿ ತಂಗುವುದು, ಎಷ್ಟು ಹೊತ್ತಿಗೆ ಹೊರಡುವುದು, ಯಾವ ಮೂಲೆ ದಾಟುವುದು, ಯಾವುದನ್ನು ಬಿಡುವುದು, ಇವೆಲ್ಲ ಕ್ಯಾಪ್ಟನ್ನಿನ ಮಾತು. ನಿಮಗೆ ಏನು ಇಷ್ಟ ಅನ್ನುವುದನ್ನು ಮೊದಲ ಸಂಜೆಯೇ ಹೇಳಿ: ಹಾಳೂರು ನೋಡುವ ಆಸೆಯೇ, ಈಜುವ ಆಸೆಯೇ, ಗದ್ದಲದ ಬಂದರೇ, ಒಂದೂ ದೀಪ ಕಾಣದ ಮರೆಯೇ. ದಾರಿ ಅವರು ಹೆಣೆಯಲಿ. ಸಿಬ್ಬಂದಿ ಸಮೇತ ಹಡಗು ಹಿಡಿಯುವವರು ಕೊಡುವ ದುಡ್ಡಿನಲ್ಲಿ ಬಹುಪಾಲು ಸಲ್ಲುವುದು ಕ್ಯಾಪ್ಟನ್ನಿನ ಆ ತೀರ್ಮಾನಕ್ಕೆ. ಅದನ್ನು ಕೊಂಡು, ಆಮೇಲೆ ಕಸದ ಬುಟ್ಟಿಗೆ ಹಾಕುವುದು ಯಾವ ಜಾಣತನ?

ಗುಲೆಟ್ ಪ್ರವಾಸ ಹುಟ್ಟಿದ್ದೇ ಹೀಗೆ ಎಂಬುದನ್ನೂ ನೆನಪಿಸಬೇಕು. 1925ರಲ್ಲಿ ಜೆವಾತ್ ಶಾಕಿರ್ ಎಂಬ ಲೇಖಕರನ್ನು ಒಂದು ಬರಹದ ಕಾರಣಕ್ಕೆ ಬೋದ್ರುಮ್‌ಗೆ ಗಡೀಪಾರು ಮಾಡಿದರು. ಆಗ ಅದು ಸ್ಪಂಜು ತೆಗೆಯುವ ಮುಳುಗುಗಾರರ, ಬೆಸ್ತರ ಬಡ ಊರು. ಶಿಕ್ಷೆ ಕೊಟ್ಟವರ ಲೆಕ್ಕ ತಪ್ಪಿತು, ಆ ಮನುಷ್ಯ ಊರಿಗೆ ಮನಸೋತರು. ಶಿಕ್ಷೆ ಮುಗಿದ ಮೇಲೂ ಅಲ್ಲಿಗೇ ಮರಳಿ ಬಂದು ದಶಕಗಳ ಕಾಲ ನೆಲೆಸಿದರು, ಬೋದ್ರುಮ್‌ನ ಪುರಾತನ ಹೆಸರಿನಲ್ಲಿ "ಹಲಿಕಾರ್ನಾಸಿನ ಬೆಸ್ತ" ಅಂತ ಕಾವ್ಯನಾಮ ಇಟ್ಟುಕೊಂಡರು. 1940ರ ದಶಕದಲ್ಲಿ ಇಸ್ತಾಂಬುಲ್ಲಿನ ಬರಹಗಾರ ಗೆಳೆಯರನ್ನು ಕರೆತಂದು ಸ್ಪಂಜಿನ ದೋಣಿಗಳಲ್ಲಿ ಗೋಕೋವಾ ಕೊಲ್ಲಿ ಸುತ್ತಿಸಿದರು. ಚೀಸು, ಒಣ ರೊಟ್ಟಿ, ನೀರು, ತಂಬಾಕು, ಒಂದಿಷ್ಟು ರಾಕಿ ಮದ್ಯ, ಇಷ್ಟೇ ಬುತ್ತಿ. ಆ ಗುಂಪಿನ ಅಜ್ರಾ ಎರ್ಹಾತ್, ಹೋಮರನ ಇಲಿಯಡ್ಡನ್ನು ಟರ್ಕಿಶ್‌ಗೆ ತಂದವರಲ್ಲೊಬ್ಬರು, 1962ರಲ್ಲಿ "ಮಾವಿ ಯೋಲ್ಜುಲುಕ್" ಎಂಬ ಪುಸ್ತಕ ಬರೆದರು. ನೀಲಿ ಯಾನ ಎಂದು ಅರ್ಥ. ಇಂದು ಪ್ರತಿ ಹಡಗಿನ ಮಾಲೀಕರೂ ಆ ಹೆಸರಿನಲ್ಲೇ ನಮಗೆ ವಾರವೊಂದನ್ನು ಮಾರುತ್ತಾರೆ. ಆ ಮೊದಲ ಯಾತ್ರಿಕರು ದೊಡ್ಡ ವಿದ್ವಾಂಸರು. ಆದರೂ ಯಾವ ಮರೆಗೆ ಯಾವಾಗ ಹೋಗಬೇಕೆಂದು ತಿಳಿದಿದ್ದವರು ದೋಣಿಯ ಬೆಸ್ತರು, ಕಡಲಿನಲ್ಲಿ ವಿದ್ವಾಂಸರು ಅವರ ಹಿಂದೆ ಹೋದರು.

ಈಗ ಆ ಬೆಸ್ತರ ಮೊಮ್ಮಕ್ಕಳ ವಿಷಯ. ನಿಮ್ಮಷ್ಟು ದೊಡ್ಡ ತಂಡಕ್ಕೆ ಸಾಮಾನ್ಯವಾಗಿ ನಾಲ್ವರಿರುತ್ತಾರೆ: ಕ್ಯಾಪ್ಟನ್, ಅಡುಗೆಯವರು, ಇಬ್ಬರು ಹುಡುಗರು. ಮೇ ತಿಂಗಳಿಂದ ಅಕ್ಟೋಬರ್ ತನಕ ಅವರಿಗೆ ಆ ಹಡಗೇ ಮನೆ. ಶನಿವಾರ ಬೆಳಗ್ಗೆ ಒಂದು ತಂಡ ಇಳಿದರೆ ಮಧ್ಯಾಹ್ನದೊಳಗೆ ಕೋಣೆಗಳನ್ನೆಲ್ಲ ತೊಳೆದು, ಹೊಸ ಹಾಸಿಗೆ ಹಾಸಿ, ದಿನಸಿ ತುಂಬಿ, ಇನ್ನೊಂದು ತಂಡಕ್ಕೆ ನಗುಮುಖ ತೋರಿಸಬೇಕು. ಅವರು ಮಲಗುವುದು ಹಡಗಿನ ಮೂತಿಯ ಕೆಳಗೆ, ಏಣಿಯಿಳಿದು ನುಸುಳುವ ಇಕ್ಕಟ್ಟಿನಲ್ಲಿ, ಸೆಕೆ ತಡೆಯಲಾಗದ ರಾತ್ರಿಗಳಲ್ಲಿ ಮೇಲೆ ಡೆಕ್ಕಿನ ಮೇಲೆ. ನಾವೋ, ಅದೇ ಡೆಕ್ಕಿನ ಮೇಲೆ ರಾತ್ರಿ ಎರಡರ ತನಕ ಅಂತ್ಯಾಕ್ಷರಿ ಆಡಿದೆವು. ನಾವು ಎದ್ದ ಮೇಲೆ ಮೇಜು ಒರೆಸಿ ಮಲಗಿದ ಹುಡುಗ ಐದಕ್ಕೆ ಲಂಗರು ಎತ್ತುತ್ತಿದ್ದ. ಆ ಹುಡುಗನಿಗೆ ಇಪ್ಪತ್ತು ತುಂಬಿರಲಿಲ್ಲ. ಹಡಗು ಮರೆಗೆ ಬಂದಾಗಲೆಲ್ಲ ಹಗ್ಗದ ತುದಿ ಹಿಡಿದು ನೀರಿಗೆ ಹಾರಿ, ದಡದ ತನಕ ಈಜಿ, ಬಂಡೆಗೆ ಕಟ್ಟಿ ಬರುವುದು ಅವನ ಕೆಲಸ. ಮುಂದೆ ಲಂಗರು, ಹಿಂದೆ ದಡಕ್ಕೆ ಹಗ್ಗ, ಇದು ಆ ಕಡಲಿನ ಕ್ರಮ. ನಾವು ಅದನ್ನು ವಿಡಿಯೋ ಮಾಡಿ ಚಪ್ಪಾಳೆ ತಟ್ಟಿದೆವು. ಹೆಸರು ಕೇಳಿದ್ದು ನಾಲ್ಕನೆಯ ದಿನ.

ಹತ್ತು ಗಂಟೆಗೆ ಸದ್ದು ಇಳಿಸಿ. ಮೊದಲ ದಿನವೇ ನಾಲ್ವರ ಹೆಸರು ಕೇಳಿ ಕಲಿಯಿರಿ. ಇಳಿಯುವ ದಿನ ಬಾಡಿಗೆಯ ಶೇಕಡ 5ರಿಂದ 10ರಷ್ಟು ಬಕ್ಷೀಸು ಒಂದು ಲಕೋಟೆಯಲ್ಲಿ ಹಾಕಿ ಕ್ಯಾಪ್ಟನ್ನಿನ ಕೈಗೆ ಕೊಡುವುದು ಅಲ್ಲಿಯ ರೂಢಿ, ಅವರು ಎಲ್ಲರಿಗೂ ಹಂಚುತ್ತಾರೆ. ಇದನ್ನು ಬಜೆಟ್ಟಿನಲ್ಲಿ ಮೊದಲೇ ಎತ್ತಿಡಿ. ಕೊನೆಯ ಬೆಳಗ್ಗೆ ಹದಿನಾಲ್ಕು ಜನರ ಜೇಬಿನಿಂದ ಚಿಲ್ಲರೆ ಕೂಡಿಸುವ ಅವಮಾನ ಬೇಡ.

ಊಟದ ಮಾತು ಬರದಿದ್ದರೆ ಇದು ಕನ್ನಡಿಗರ ಕಾಗದವಾಗುವುದಿಲ್ಲ. ನಿಮ್ಮ ಪಟ್ಟಿಯ ಕೊನೆಯಲ್ಲಿ ಕುಕ್ಕರು, ಇಂಡಕ್ಷನ್ ಒಲೆ, ಇಪ್ಪತ್ತು ಪೊಟ್ಟಣ ರೆಡಿ ಬಿಸಿಬೇಳೆಬಾತ್ ಇದೆ. ಕುಕ್ಕರು, ಒಲೆ ಮನೆಯಲ್ಲೇ ಬಿಡಿ. ಹಡಗಿನ ಅಡುಗೆಮನೆ ನಮ್ಮ ದೇವರಕೋಣೆಯಷ್ಟೇ ದೊಡ್ಡದು, ಅದು ಅಡುಗೆಯವರ ರಾಜ್ಯ. ನಾವು ಎರಡನೆಯ ದಿನವೇ ಅಲ್ಲಿಗೆ ನುಗ್ಗಿ ಅವಲಕ್ಕಿಗೆ ಒಗ್ಗರಣೆ ಹಾಕಿದೆವು. ಒಣಮೆಣಸಿನ ಘಾಟಿಗೆ ಹಡಗಿಗೆ ಹಡಗೇ ಕೆಮ್ಮಿತು, ಅಡುಗೆಯವರು ಏಪ್ರನ್ ಬಿಚ್ಚಿ ಹೊರಗೆ ಕೂತರು. ಅವರ ಅಡುಗೆಯಿರುವಾಗ ಒಗ್ಗರಣೆಯ ಅಗತ್ಯವೇ ನಮಗಿಲ್ಲ ಅಂತ ಗೊತ್ತಾದದ್ದು ಆಮೇಲೆ. ಆ ಕರಾವಳಿಯಲ್ಲಿ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿಗಳದೇ ಒಂದು ದೊಡ್ಡ ಸಂಸಾರವಿದೆ: ಬೆಂಡೆಕಾಯಿ, ಬೀನ್ಸು, ಅಲಸಂದೆ, ಈರುಳ್ಳಿ ಟೊಮೆಟೊ ತುಂಬಿದ ಬದನೆಕಾಯಿ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ಗಟ್ಟಿ ಮೊಸರು, ಸೌತೆಕಾಯಿ ತುರಿದು ಮೊಸರಲ್ಲಿ ಕಲಸಿದ, ನಮ್ಮ ಪಚಡಿಗೆ ಅಕ್ಕನಂತಿರುವ ಜಜಿಕ್, ಕೆಂಪು ಬೇಳೆಯ ಸಾರು. ಕೆಲವು ಮರೆಗಳಲ್ಲಿ ಸಣ್ಣ ದೋಣಿಯಲ್ಲಿ ಹೆಂಗಸರು ಬಂದು ಕಾವಲಿಯ ಮೇಲೆ ಗೋಜ್ಲೆಮೆ ರೊಟ್ಟಿ ಬೇಯಿಸಿಕೊಡುತ್ತಾರೆ, ಒಳಗೆ ಪಾಲಕ್ ಅಥವಾ ಚೀಸ್. ಪೂರ್ತಿ ಸಸ್ಯಾಹಾರಿಗಳಿದ್ದರೆ ಒಂದು ತಿಂಗಳು ಮೊದಲೇ ಬರೆದು ತಿಳಿಸಿ. ಬರೀ "ಮಾಂಸ ಬೇಡ" ಅಂದರೆ ಸಾಲದು, ಸಾರಿಗೂ ಅನ್ನಕ್ಕೂ ಮಾಂಸದ ರಸ ಹಾಕಬಾರದು, ಮೀನು ಮೊಟ್ಟೆ ಬೇಕೋ ಬೇಡವೋ ಅಂತ ಒಂದೊಂದನ್ನೂ ಬಿಡಿಸಿ ಬರೆಯಿರಿ. ಉಪ್ಪಿನಕಾಯಿ, ಚಟ್ನಿಪುಡಿ ಒಂದೊಂದು ಡಬ್ಬಿ ಒಯ್ಯಿರಿ. ಅಡುಗೆಯವರಿಗೂ ರುಚಿ ತೋರಿಸಿ.

ಇನ್ನು ಕೆಲವು ಸಣ್ಣ ಮಾತುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಎಂಜಿನ್ ಪೂರ್ತಿ ನಿಂತು ಕ್ಯಾಪ್ಟನ್ ಸರಿ ಅನ್ನುವ ತನಕ ಯಾರೂ ನೀರಿಗೆ ಹಾರಬಾರದು. ಚಪ್ಪಲಿ, ಶೂ ಹಡಗು ಹತ್ತುವಾಗಲೇ ಬುಟ್ಟಿಗೆ, ಇದಕ್ಕೆ ನಮಗೆ ಪಾಠ ಬೇಕಿಲ್ಲ. ಹಡಗಿನ ಕೆಳಗೆ ಕೋಣೆಯಲ್ಲಿ ಕೂತರೆ ಹೊಟ್ಟೆ ತೊಳಸುವುದು ಹೆಚ್ಚು, ನಡುಭಾಗದಲ್ಲಿ ಮೇಲೆ ಕೂತು ದಿಗಂತ ನೋಡಿ, ಶುಂಠಿ ಜಗಿಯಿರಿ. ಸಿಹಿನೀರು ಟ್ಯಾಂಕಿನಲ್ಲಿರುವಷ್ಟೇ, ತಲೆಗೆ ಎಣ್ಣೆ ಹಚ್ಚಿ ಅರ್ಧ ಗಂಟೆ ಸ್ನಾನ ಮಾಡುವ ಜಾಗ ಅದಲ್ಲ. ಕೊಳಕು ನೀರನ್ನು ಕೊಲ್ಲಿಗೆ ಬಿಡದೆ ದಡಕ್ಕೆ ಒಪ್ಪಿಸಿದ್ದಕ್ಕೆ ಆ ಕರಾವಳಿಯ ಹಡಗುಗಳು "ನೀಲಿ ಕಾರ್ಡ್" ಎಂಬುದರಲ್ಲಿ ಲೆಕ್ಕ ತೋರಿಸಬೇಕು. ಸೆದಿರ್ ದ್ವೀಪಕ್ಕೆ ಹೋದರೆ ಅಲ್ಲಿಯ ಮರಳನ್ನು ಚಿಟಿಕೆಯಷ್ಟೂ ತರಬೇಡಿ. ಕ್ಲಿಯೋಪಾತ್ರಳಿಗಾಗಿ ಈಜಿಪ್ಟಿನಿಂದ ತಂದದ್ದು ಅನ್ನುವುದು ದಂತಕತೆ. ಸುಣ್ಣದ ಕಣ ಪದರಪದರವಾಗಿ ಉರುಟಾಗಿ ಬೆಳೆದ ಅಪರೂಪದ ಮರಳು ಅದು, ಕಾಲಿಗಂಟಿದ್ದನ್ನೂ ತೊಳೆದುಕೊಂಡೇ ಹೊರಬರಬೇಕು.

ಶನಿವಾರ ಹಡಗು ಸಿಗುವುದು ಮಧ್ಯಾಹ್ನದ ಮೇಲೆ. ಬೆಳಗಿನ ಹೊತ್ತು ಬೋದ್ರುಮ್ ಕೋಟೆಗೆ ಹೋಗಿ. ಒಳಗೆ ನೀರೊಳಗಿನ ಪುರಾತತ್ವ ಮ್ಯೂಸಿಯಂ ಇದೆ. 1982ರಲ್ಲಿ ಒಬ್ಬ ಸ್ಪಂಜು ಮುಳುಗುಗಾರನ ಕಣ್ಣಿಗೆ ಬಿದ್ದ ಉಲುಬುರುನ್ ಹಡಗಿನ ಸರಕೆಲ್ಲ ಅಲ್ಲಿದೆ. ಸುಮಾರು 3300 ವರ್ಷದ ಹಿಂದೆ, ಹತ್ತು ಟನ್ ತಾಮ್ರ, ಒಂದು ಟನ್ ತವರ, ಗಾಜಿನ ಗಟ್ಟಿ, ದಂತ, ಚಿನ್ನ ಹೊತ್ತು ಹೊರಟು ಇದೇ ಕರಾವಳಿಯ ಒಂದು ಭೂಶಿರದ ಬುಡದಲ್ಲಿ ಮುಳುಗಿದ ಹಡಗು ಅದು. 1984ರಿಂದ 1994ರ ತನಕ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಮುಳುಗಿ ಅದನ್ನು ಮೇಲೆತ್ತಿದರು. ಯಾಕೆ ಮುಳುಗಿತೆಂದು ಹೇಳಲು ಯಾರೂ ಉಳಿದಿಲ್ಲ. ಸರಕಿನ ಮಾಲೀಕ ಯಾರೋ ಅವಸರ ಮಾಡಿರಬೇಕು ಅಂತ ನನಗೆ ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಅನ್ನಿಸಿತು. ಅದು ನನ್ನ ತಪ್ಪಿನ ನೆನಪೇ ಹೊರತು ಇತಿಹಾಸವಲ್ಲ.

ಕೊನೆಗೆ ನಿಮ್ಮ ಪಟ್ಟಿ. ಇಪ್ಪತ್ತೊಂದರಲ್ಲಿ ಹದಿನೈದನ್ನು ಹೊಡೆದುಹಾಕಿದ್ದೇನೆ. ಮಾರ್ಮಾರಿಸ್, ಫೆತಿಯೆ, ಕೆಕೋವಾ ಇನ್ನೊಂದು ವರ್ಷಕ್ಕಿರಲಿ, ಆಗ ಫೆತಿಯೆಯಲ್ಲೇ ಹಡಗು ಹತ್ತಿದರಾಯಿತು. ಈ ಸಲ ಗೋಕೋವಾ ಕೊಲ್ಲಿ ಒಂದೇ ಸಾಕು. ಉಳಿದ ಆರರ ಮುಂದೆ ಪೆನ್ಸಿಲ್ಲಿನಲ್ಲಿ "ಕ್ಯಾಪ್ಟನ್ ಒಪ್ಪಿದರೆ" ಅಂತ ಬರೆದಿದ್ದೇನೆ. ಕ್ನಿದೋಸ್‌ನ ಮುಂದೆ ಮಾತ್ರ ಅದನ್ನು ಎರಡು ಸಲ ಬರೆದಿದ್ದೇನೆ.

ಇಂತಿ,
ಇದೇ ಪಟ್ಟಿಯನ್ನು ಒಮ್ಮೆ ಬರೆದಿದ್ದ ನಿಮ್ಮವಳೇ ಒಬ್ಬಳು
ಸ್ಟುಟ್‌ಗಾರ್ಟ್